ಎರಡನೇ ಮಹಡಿಯ ಮೂಲೆಯೂ ನನ್ನ ಮಾನವಧರ್ಮವೂ

ನೀತಿಗೆ ದೇವರ ಭಯ ಬೇಕಿಲ್ಲ, ಮನುಷ್ಯತ್ವ ಸಾಕು ಎಂಬುದು ನನ್ನ ಸಿದ್ಧಾಂತ. ಇಡೀ ದೇಶಕ್ಕೆ ಇದನ್ನು ಒಪ್ಪಿಸುವ ಮೊದಲು ಮುಂಬಯಿ ಪಕ್ಕದ ಡೊಂಬಿವಲಿಯ ನಮ್ಮ ಹೌಸಿಂಗ್ ಸೊಸೈಟಿಗೆ ಒಪ್ಪಿಸೋಣ ಎಂದು ಹೊರಟೆ. ಅಲ್ಲೇ ಎಡವಿದೆ!

ಮೆಟ್ಟಿಲಿನ ಮೂಲೆಗಳಲ್ಲಿ ಜನ ಪಾನ್ ಉಗುಳುತ್ತಾರೆಂದು ನಮ್ಮ ಬಿಲ್ಡಿಂಗಿನಲ್ಲಿ ದೇವರ ಚಿತ್ರದ ಟೈಲ್ಸ್ ಹಚ್ಚಿದ್ದರು. ಮೀಟಿಂಗಿನಲ್ಲಿ ಎದ್ದು ನಿಂತು ಗುಡುಗಿದೆ: "ದೇವರೇನು ವಾಚ್‌ಮನ್ನೇ? ಮನುಷ್ಯರನ್ನು ನಂಬಿ ನೋಡಿ!"

ಸೆಕ್ರೆಟರಿ ಕುಲಕರ್ಣಿ ಕಾಕಾ ಧಾರವಾಡದ ಕಡೆಯವರು, ದಿನಾ ಆ ಟೈಲ್ಸಿಗೂ ಊದುಬತ್ತಿ ಬೆಳಗುವವರು. ಆದರೂ ನಕ್ಕರು.

"ಆತು ಶೆಟ್ರ, ಎರಡನೇ ಮಾಳಿಗಿ ಮೂಲಿ ನಿಮಗ ಬಿಟ್ಟೀವಿ. ಮುಂದಿನ ಮೀಟಿಂಗ್ ತನಕಾ ಸ್ವಚ್ಛ ಉಳೀತಂದ್ರ ಎಲ್ಲಾ ಟೈಲ್ಸ್ ತಗಸ್ತೀನಿ. ಹೊಲಸಾತಂದ್ರ ನೀವ ತೊಳೀಬೇಕು!"

ಮೂಲೆಯ ಟೈಲ್ಸ್ ತೆಗೆಸಿ, ಬಿಳಿ ಬಣ್ಣ ಬಳಿಸಿ, ಬೋರ್ಡು ತೂಗುಹಾಕಿದೆ: "ನೀವು ಮನುಷ್ಯರು. ನಿಮ್ಮನ್ನು ನಂಬಿದ್ದೇವೆ." ಎದುರಿಗೇ ನಮ್ಮ ಮನೆ. ಮನುಷ್ಯರ ಮೇಲೆ ಪೂರ್ಣ ನಂಬಿಕೆಯಿದ್ದುದರಿಂದ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕಾವಲು ಕುಳಿತೆ!

ದಿನಗಳು ಕಳೆದವು. ಒಂದು ಹನಿ ಕೆಂಪಿಲ್ಲ. "ನೋಡಿದೆಯಾ ಮನುಷ್ಯತ್ವದ ಗೆಲುವು?" ಎಂದು ಹೆಂಡತಿ ಶಾರದೆಯ ಮುಂದೆ ಬೀಗಿದೆ.

"ಎಂಥ ಗೆಲುವು ಮಾರಾಯ್ರೆ? ನೀವು ಕಣ್ಣು ಬಿಟ್ಕೊಂಡು ಕೂತದ್ದಕ್ಕೆ ಯಾರೂ ಉಗುಳ್ಲಿಲ್ಲ. ಟೈಲ್ಸಿನ ದೇವರೂ ಅದನ್ನೇ ಮಾಡ್ತಿದ್ದದ್ದು. ಪಾಪ, ಅವರು ಗಂಟೆಗೊಮ್ಮೆ ಚಾ ಕೇಳ್ತಿರ್ಲಿಲ್ಲ!"

ಮೀಟಿಂಗಿನ ದಿನ ಬಂತು. ಮಧ್ಯಾಹ್ನ ಥಾಣೆಯಲ್ಲಿ ಮದುವೆಯ ಊಟ. ಅಲ್ಲಿಂದ ಕಟ್ಟಿಸಿ ತಂದ ಪಾನನ್ನು ನಮ್ಮ ಗೇಟಿನ ಬಳಿ ಬಾಯಿಗಿಟ್ಟು, ಗೆದ್ದವನ ಗತ್ತಿನಲ್ಲಿ ಮೆಟ್ಟಿಲು ಹತ್ತಿದೆ. ನನ್ನ ಮೂಲೆ ಥಳಥಳ! ಅದೇ ಹೊತ್ತಿಗೆ ಕಾಕಾ ಮೇಲಿನಿಂದ ಇಳಿದು ಬಂದರು. ಇಸ್ತ್ರಿ ಹಾಕಿದ ಬಿಳಿ ಅಂಗಿ, ಕೈಯಲ್ಲಿ ಊದುಬತ್ತಿ.

"ಗೆದ್ರಿ ಶೆಟ್ರ! ಮಾತು ಅಂದ್ರ ಮಾತು. ಇವತ್ತ ಟೈಲ್ಸ್ ತಗಸೂಣು."

ಬಾಯಿ ತೆರೆಯುವಂತಿಲ್ಲ. ಸುಮ್ಮನೆ ತಲೆಯಾಡಿಸಿದೆ. ಊದುಬತ್ತಿಯ ಹೊಗೆ ಸೀದಾ ಮೂಗಿಗೆ ನುಗ್ಗಿತು. ತಡೆದೆ. ದೇವರಾಣೆ, ತಡೆದೆ!

"ಆಕ್ಷೀ!"

ಬೋರ್ಡು ಕೆಂಪು. ಗೋಡೆ ಕೆಂಪು. ಕಾಕಾರ ಅಂಗಿಯೂ ಕೆಂಪು!

ನಾಚಿಕೆಯಿಂದ ಕುಗ್ಗಿಹೋದೆ. ಶಾರದೆ ಬಕೆಟ್ಟು ತಂದಿಟ್ಟಳು. ಕಾಕಾ ಬೈಯುತ್ತಾರೆಂದು ಕಾದೆ. ಅವರು ಅಂಗಿಯ ತೋಳು ಮಡಚಿ, ನನ್ನ ಪಕ್ಕದಲ್ಲೇ ಕುಕ್ಕರುಗಾಲಲ್ಲಿ ಕೂತು ಗೋಡೆ ಉಜ್ಜತೊಡಗಿದರು.

"ಇರ್ಲಿ ಬಿಡ್ರಿ. ದೇವರ ಟೈಲ್ಸ್ ಇದ್ದಾಗೂ ಒಂದು ಗೇಣು ಸರದು ಉಗುಳಾವ್ರು ಇದ್ರು."

ಮನುಷ್ಯತ್ವ ಸಾಕು ಎಂಬ ನನ್ನ ಸಿದ್ಧಾಂತಕ್ಕೆ ಆ ದಿನ ಪುರಾವೆ ಸಿಕ್ಕಿತು. ಸಿಕ್ಕಿದ್ದು ಊದುಬತ್ತಿಯವರ ಕಡೆಯಿಂದ, ಅಷ್ಟೇ.

ಈಗ ಆ ಮೂಲೆಗೆ ದೇವರು ವಾಪಸು ಬಂದಿದ್ದಾನೆ. ಬಿಲ್ಡಿಂಗಿನವರನ್ನೆಲ್ಲ ಅವನು ನೋಡಿಕೊಳ್ಳುತ್ತಾನೆ. ನನ್ನೊಬ್ಬನ ನೀತಿ ಮಾತ್ರ ಶಾರದೆಯ ಜವಾಬ್ದಾರಿ. ನಾನು ಗೇಟಿಗೆ ಬಂದೊಡನೆ ಕಿಟಕಿಯಿಂದ ಕೂಗುತ್ತಾಳೆ: "ಮೊದ್ಲು ಬಾಯಿ ತೆರ್ದು ತೋರ್ಸಿ!"

ವಾಚ್‌ಮನ್ನನ ಎದುರಿಗೇ ಕತ್ತೆತ್ತಿ 'ಆ' ಎನ್ನುತ್ತೇನೆ. ಆಮೇಲೆಯೇ ಮೆಟ್ಟಿಲು.