ವೇಳಾಪಟ್ಟಿ ಹಿಡಿದು ಐದು ಕೊಳ

"ಒಂದೇ ದಿನ, ಐದು ಕೊಳ, ಸಂಜೆ ಐದೂ ಹನ್ನೆರಡರ ಗಾಡಿ! ರಾತ್ರಿ ನಮ್ಮ ಮನೇಲಿ ನಮ್ಮ ಹಾಸಿಗೆ. ಬರೆದಿಟ್ಕೋ!"

ಬೆಟ್ಟದ ಮೇಲಿನ ಶಿರಾಯು ಬಿಸಿನೀರಿನ ಕೊಳಗಳ ಬಾಗಿಲಲ್ಲಿ ತೋಕುಜಿಯವರು ಹೀಗೆ ಗುಡುಗಿದರು. ಸ್ಟೇಷನ್ ಮಾಸ್ಟರಾಗಿ ನಿವೃತ್ತರಾದವರು. ನಲವತ್ತು ವರ್ಷದಲ್ಲಿ ಒಂದು ಗಾಡಿಯನ್ನೂ ತಪ್ಪಿಸಿಕೊಂಡವರಲ್ಲ. ರೈಲ್ವೆಯವರು ಕೊಟ್ಟ ಬೆಳ್ಳಿಯ ಜೇಬುಗಡಿಯಾರವೇ ಅವರಿಗೆ ಮನೆದೇವರು.

"ಒಂದು ರಾತ್ರಿ ಉಳಿದ್ರೆ ನಿಮ್ಮ ಗಂಟೇನು ಹೋಗುತ್ತೆ ರೀ? ಮದುವೆಯಾಗಿ ಮೂವತ್ತೈದು ವರ್ಷ ಆಯ್ತು, ಬೆಟ್ಟದ ಮೇಲೆ ಒಂದು ಬೆಳಗು ಕಂಡಿಲ್ಲ ನಾನು" ಎಂದರು ಹೆಂಡತಿ ಕಿನುಯೊ.

"ನಾನು ಗಾಡಿ ತಪ್ಪಿಸಿಕೊಂಡ ದಿನ ಉಳಿಯೋಣ!"

"ಆಗಲಿ." ಹೆಂಡತಿ ಅಷ್ಟು ಸಲೀಸಾಗಿ ಒಪ್ಪಿದಾಗಲೇ ತೋಕುಜಿಯವರಿಗೆ ಅನುಮಾನ ಬರಬೇಕಿತ್ತು. ಬರಲಿಲ್ಲ.

ಕಬ್ಬಿಣದ ಕೆಂಪು ನೀರು, ಹನ್ನೆರಡು ನಿಮಿಷ. ಗುಳ್ಳೆಯೇಳುವ ಸೋಡಾ ನೀರು, ಹತ್ತು. ಮೈ ಚುರುಗುಟ್ಟಿಸುವ ಹುಳಿ ನೀರು, ಏಳು. ಮೂರು ನಿಮಿಷಕ್ಕೇ ಪ್ರಾಣ ಬಾಯಿಗೆ ಬಂದರೂ ತೋಕುಜಿಯವರು ಬರೆದುಕೊಂಡ ವೇಳಾಪಟ್ಟಿಯಲ್ಲಿ ಏಳು ಎಂದಿತ್ತಲ್ಲ! ನಾಲ್ಕನೆಯದು ಹಾಲಿನಂಥ ಗಂಧಕದ ನೀರು. ಎಲ್ಲರೂ ಪುಟ್ಟ ಟವೆಲ್ ಮಡಿಸಿ ತಲೆಯ ಮೇಲಿಟ್ಟು ಕೂತಿದ್ದರು. ತೋಕುಜಿಯವರ ಟವೆಲಿನ ಮಡಿಕೆಯಲ್ಲಿ ಮಾತ್ರ ಗಡಿಯಾರವಿತ್ತು.

"ಸ್ವಾಮೀ, ಬೆಳ್ಳೀನ ಗಂಧಕದ ಹತ್ರ ತರಬಾರದು" ಎಂದ ಪಕ್ಕದ ಮುದುಕ.

"ಇದು ರೈಲ್ವೆ ಗಡಿಯಾರ ಕಣ್ರೀ!" ಎಂದು ಗತ್ತಿನಿಂದ ತಲೆ ಕೊಡವಿದರು. ಬುಳುಕ್!

ಬಿಳಿ ನೀರಲ್ಲಿ ತಳ ಕಾಣುವುದುಂಟೇ? ಮುಳುಗಿ ತಡಕಾಡಿ ಏನನ್ನೋ ಗಟ್ಟಿಯಾಗಿ ಹಿಡಿದರು.

"ಅಯ್ಯಯ್ಯೋ, ಕಾಲು ಬಿಡ್ರೀ! ತಪ್ಪಾಯ್ತು ಅಂತ ಬಾಯಲ್ಲಿ ಹೇಳಿದ್ರೆ ಸಾಕಾಗಿತ್ತು!" ಮುದುಕ ಬೊಬ್ಬೆ ಹೊಡೆದ.

ಹತ್ತು ನಿಮಿಷ ಹುಡುಕಿದ ಮೇಲೆ ಸಿಕ್ಕ ಗಡಿಯಾರ ಬಾಣಲೆಯ ತಳದಷ್ಟು ಕಪ್ಪಾಗಿತ್ತು. ಮುಳ್ಳು ನಾಲ್ಕೂ ಇಪ್ಪತ್ತು ತೋರಿಸುತ್ತಿತ್ತು. ಗೋಡೆಯ ಗಡಿಯಾರ ನಾಲ್ಕೂವರೆ ಎಂದಿತು.

"ಹಳ್ಳಿ ಗಡಿಯಾರ! ಅದಕ್ಕೇನು ಗೊತ್ತು!" ಎಂದು ತೋಕುಜಿಯವರು ಐದನೆಯ ಕೊಳಕ್ಕೆ, ಉಪ್ಪುನೀರಿಗೆ, ಇಳಿದರು. ಎಷ್ಟು ಹೊತ್ತು ಕೂತರೂ ನಾಲ್ಕೂ ಇಪ್ಪತ್ತೇ! ಆಹಾ, ಇದಪ್ಪ ವಿಶ್ರಾಂತಿ ಎಂದರೆ! ಬೆರಳೆಲ್ಲ ಒಣದ್ರಾಕ್ಷಿಯಂತೆ ಸುಕ್ಕುಗಟ್ಟಿದಾಗ ಅನುಮಾನ ಬಂತು. ಗಡಿಯಾರವನ್ನು ಕಿವಿಗಿಟ್ಟರು. ಟಿಕ್ಕೂ ಇಲ್ಲ, ಟಕ್ಕೂ ಇಲ್ಲ!

ಅಂಗಿಯನ್ನು ಒಳಹೊರಗು ಮಾಡಿ ತೊಟ್ಟು ಸ್ಟೇಷನ್ನಿಗೆ ಓಡಿದರು. ಆ ದಿನದ ಕೊನೆಯ ಗಾಡಿಯ ಬಾಲ ತಿರುವಿನಲ್ಲಿ ಮರೆಯಾಗುತ್ತಿತ್ತು. ಕಿನುಯೊ ಬೆಂಚಿನ ಮೇಲೆ ಕೂತು, ಬಿಸಿನೀರಿನ ಬುಗ್ಗೆಯಲ್ಲಿ ಬೇಯಿಸಿದ ಮೊಟ್ಟೆ ಸುಲಿಯುತ್ತಿದ್ದರು.

"ಐದೂ ಹನ್ನೆರಡಕ್ಕೆ ಸರಿಯಾಗಿ ಹೊರಟಿತು ರೀ. ಇಲ್ಲಿನ ಸ್ಟೇಷನ್ ಮಾಸ್ಟರು ನಿಮ್ಮ ಶಿಷ್ಯರೇ ಇರಬೇಕು."

ತೋಕುಜಿಯವರು ಧೊಪ್ಪನೆ ಕುಳಿತರು. "ನಲವತ್ತು ವರ್ಷ, ಕಿನುಯೊ! ಒಂದೂ ತಪ್ಪಿರಲಿಲ್ಲ!" ಟವೆಲಿನಿಂದ ಕಣ್ಣೊರೆಸಿಕೊಂಡರು.

"ಅಳಬೇಡಿ, ಮೊಟ್ಟೆ ತಿನ್ನಿ. ಗಡಿಯಾರದ ಕಪ್ಪನ್ನ ಅಡುಗೆ ಸೋಡಾ ಹಾಕಿ ತಿಕ್ಕಿಕೊಡ್ತೀನಿ."

"ಈ ಹೊತ್ತಲ್ಲಿ ರೂಮು ಎಲ್ಲೇ ಸಿಗುತ್ತೆ?"

ಕಿನುಯೊ ಚೀಲದಿಂದ ಬೀಗದ ಕೈ ತೆಗೆದು ಅವರ ಅಂಗೈಯಲ್ಲಿಟ್ಟರು. "ಇಲ್ಲಿಗೆ ಬಂದ ಕೂಡಲೇ ರೂಮು ಹಿಡಿದಿಟ್ಟೆ."

"ಗಡಿಯಾರ ಕೈಕೊಡುತ್ತೆ ಅಂತ ನಿನಗೆ ಹೇಗೆ ಗೊತ್ತಾಯ್ತು?"

"ಗಡಿಯಾರದ ವಿಷಯ ನನಗೇನು ಗೊತ್ತು ರೀ? ನನಗೆ ಗೊತ್ತಿರೋದು ನಿಮ್ಮ ವಿಷಯ."