ಸಾಹೇಬರ ಪರವಾಗಿ ವಾಯುವಿಹಾರ

ಒಬ್ಬರ ಆರೋಗ್ಯವನ್ನು ಅವರ ಪರವಾಗಿ ಇನ್ನೊಬ್ಬರು ಕಾಪಾಡಿಕೊಳ್ಳಬಹುದು ಎಂಬುದು ನಗರ ನೀರು ಸರಬರಾಜು ಮಂಡಳಿಯಲ್ಲಿ ಈಗ ಯಾರೂ ತಕರಾರು ಎತ್ತದ ಸಂಗತಿ. ಹಾಗೆಂದು ಇದನ್ನು ಮಂಡಳಿಯವರೇ ಕೂತು ಕಂಡುಹಿಡಿದರು ಎನ್ನುವಂತಿಲ್ಲ. ಇದರ ಮೂಲ ಇರುವುದು ಹೊಲಿಗೆ ಅಂಗಡಿಯ ಪಕ್ಕದ ಮೆಟ್ಟಿಲು ಹತ್ತಿದರೆ ಸಿಗುವ ಒಂದು ಸಣ್ಣ ದವಾಖಾನೆಯಲ್ಲಿ.

ಅಲ್ಲಿನ ಡಾಕ್ಟರು ಆ ಬೀದಿಯ ಅಜ್ಜ, ಅಪ್ಪ, ಮೊಮ್ಮಗ ಎಲ್ಲರ ನಾಲಿಗೆಯನ್ನೂ ನೋಡಿದವರು. ಮಾತ್ರೆ ಬರೆಯುವುದರಲ್ಲಿ ಜುಗ್ಗ, ಸಲಹೆ ಕೊಡುವುದರಲ್ಲಿ ಧಾರಾಳಿ. ಉಪ್ಪು ಕಡಿಮೆ ಮಾಡಿ, ಹೊತ್ತಿಗೆ ಸರಿಯಾಗಿ ಮಲಗಿ, ಮನೆಯವರ ಜೊತೆ ಕೂತು ಒಂದಿಷ್ಟು ನಗಿ, ಕೊನೆಗೆ, ಕನ್ನಡಕ ತೆಗೆದಿಟ್ಟು, “ನಡೀರಿ.” ಹೊಸದಾಗಿ ಬಂದವರು ಇದನ್ನು ಎದ್ದು ಹೋಗಿ ಎಂದು ತಿಳಿದು, ಮುಖ ಊದಿಸಿಕೊಂಡು, ಫೀಸೂ ಕೊಡದೆ ಇಳಿದುಹೋದದ್ದುಂಟು. ಹಾಗೆ ಹೋದವರಲ್ಲಿ ಹಲವರು ಸಿಟ್ಟಿನಲ್ಲಿ ಮನೆತನಕ ನಡೆದೇ ಹೋಗುತ್ತಿದ್ದುದರಿಂದ ಚಿಕಿತ್ಸೆ ಫಲಿಸುತ್ತಿತ್ತು. ಡಾಕ್ಟರಿಗೆ ಅಷ್ಟೇ ಸಾಕಿತ್ತು.

ಮಂಡಳಿಯ ನಿರ್ದೇಶಕರು ಒಂದು ಬೆಳಿಗ್ಗೆ ಆ ಮೆಟ್ಟಿಲು ಹತ್ತಿ ಬಂದರು. ಹತ್ತಿದ ಮೇಲೆ ಬಾಗಿಲ ಚೌಕಟ್ಟು ಹಿಡಿದು ಏದುಸಿರು ಬಿಟ್ಟರು. ಡಾಕ್ಟರು ರಕ್ತದೊತ್ತಡ ನೋಡಿದರು, ಎದೆಗೆ ಸ್ಟೆತಸ್ಕೋಪು ಇಟ್ಟರು, ಹುಬ್ಬು ಗಂಟಿಕ್ಕಿದರು.

“ಸಾರ್, ಮಾತ್ರೆ ಕೊಡ್ತೀನಿ. ಆದರೆ ಮಾತ್ರೆ ಒಂದರಿಂದ ಆಗಲ್ಲ. ದಿನಾ ನಡೀಬೇಕು.”

“ಯಾರು?” ಎಂದರು ನಿರ್ದೇಶಕರು.

“ನೀವೇ.”

ನೀವೇ ಮಾಡಿ ಎಂಬ ಮಾತನ್ನು ನಿರ್ದೇಶಕರು ಕೇಳಿ ಎಷ್ಟೋ ಕಾಲವಾಗಿತ್ತು. “ಅಲ್ಲ ಡಾಕ್ಟ್ರೇ, ಕೆಲಸ ಮಾಡಿಸೋದು ನನ್ನ ಹುದ್ದೆ. ನಾನೇ ಮಾಡ್ತಾ ಕೂತರೆ ಕೆಳಗಿನವರು ಏನು ಮಾಡಬೇಕು?” ಎಂದು ನಿಜವಾಗಿಯೇ ಚಿಂತೆಯಿಂದ ಕೇಳಿದರು. ಡಾಕ್ಟರು ಇದನ್ನು ತಮಾಷೆ ಎಂದುಕೊಂಡು ನಕ್ಕುಬಿಟ್ಟರು. ಆ ನಗುವನ್ನು ನಿರ್ದೇಶಕರು ತಜ್ಞರ ಒಪ್ಪಿಗೆ ಎಂದು ಭಾವಿಸಿದರು.

ಮರುದಿನವೇ ಮಂಡಳಿಯ ಸೂಚನಾ ಫಲಕದ ಮೇಲೆ ಈ ಕೆಳಗಿನ ಆದೇಶ ಕಾಣಿಸಿಕೊಂಡಿತು:

“ಮಾನ್ಯ ನಿರ್ದೇಶಕರ ಆರೋಗ್ಯವು ಸಾರ್ವಜನಿಕ ಹಿತಾಸಕ್ತಿಯ ವಿಷಯವಾಗಿರುವುದರಿಂದಲೂ, ಅದನ್ನು ಖುದ್ದಾಗಿ ನಿರ್ವಹಿಸಲು ಅವರಿಗೆ ಕಾಲಾವಕಾಶವಿಲ್ಲದಿರುವುದರಿಂದಲೂ, ಸದರಿಯವರ ಪರವಾಗಿ ನಡೆಯುವುದು, ನಿದ್ರಿಸುವುದು, ಮಿತವಾಗಿ ಉಣ್ಣುವುದು ಹಾಗೂ ನಗುವುದು ಈ ಕೆಲಸಗಳಿಗೆ ಕಚೇರಿಯ ಜವಾನನನ್ನು ಆರೋಗ್ಯ ಪ್ರತಿನಿಧಿಯೆಂದು ನೇಮಿಸಿದೆ. ಪ್ರತಿನಿಧಿಯು ಸ್ವಂತ ಕಾರಣಗಳಿಗಾಗಿ ನಗತಕ್ಕದ್ದಲ್ಲ.”

ಜವಾನ ಮಧ್ಯವಯಸ್ಸಿನ, ಕೊಂಚ ಹೊಟ್ಟೆ ಬಂದಿದ್ದ, ಯಾರು ಕರೆದರೂ “ಬಂದೆ ಸಾರ್” ಎನ್ನುವ ಮನುಷ್ಯ. ಅವನು ಹೆಡ್ ಗುಮಾಸ್ತರ ಜೊತೆ ಡಾಕ್ಟರ ಎದುರು ಬಂದು ಕೂತು ಅಂಗಿಯ ತೋಳು ಮಡಚಿದ.

“ಏನಪ್ಪಾ ತೊಂದರೆ?”

“ನನಗೇನಿಲ್ಲ ಸಾರ್. ಸಾಹೇಬರಿಗೆ ಬೀಪೀ. ನೋಡಿ, ಸಾಹೇಬರ ಆರೋಗ್ಯದ ಸರ್ಟಿಫಿಕೇಟು ಬರೆದುಕೊಡಿ.”

ಡಾಕ್ಟರಿಗೆ ವಿಷಯ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಕಿಡಿಕಿಡಿಯಾದರು. “ರೀ, ಇವನ ತೋಳಿಗೆ ಪಟ್ಟಿ ಕಟ್ಟಿದರೆ ಅವರ ಒತ್ತಡ ಹೆಂಗ್ರೀ ಗೊತ್ತಾಗುತ್ತೆ? ತಲೆ ನೆಟ್ಟಗಿದೆಯೇನ್ರೀ ನಿಮಗೆ?”

“ಸಾಹೇಬರ ಸಹಿಯನ್ನ ನಾನು ಹಾಕ್ತೀನಿ,” ಎಂದರು ಹೆಡ್ ಗುಮಾಸ್ತರು ತಾಳ್ಮೆಯಿಂದ. “ಸಾಹೇಬರ ಭಾಷಣ ಉಪನಿರ್ದೇಶಕರು ಓದ್ತಾರೆ. ಇಷ್ಟು ವರ್ಷದಲ್ಲಿ ಯಾರೂ ತಲೆ ಬಗ್ಗೆ ಕೇಳಿಲ್ಲ.”

ಡಾಕ್ಟರು ಇಬ್ಬರನ್ನೂ ಮೆಟ್ಟಿಲಿಳಿಸಿ ಕಳಿಸಿದರು. ಅಂದು ಸಂಜೆ ದವಾಖಾನೆಯ ನಲ್ಲಿ ಎರಡು ಸಲ ಕೆಮ್ಮಿ ಸುಮ್ಮನಾಯಿತು. ಹೊಲಿಗೆ ಅಂಗಡಿಯಲ್ಲಿ ನೀರು ಬರುತ್ತಿತ್ತು, ಎದುರಿನ ಕ್ಷೌರದಂಗಡಿಯಲ್ಲಿ ಬರುತ್ತಿತ್ತು. ಮಂಡಳಿಗೆ ಫೋನು ಮಾಡಿದರೆ, ಆ ಕೊಳವೆಗೆ ವಿಶ್ರಾಂತಿ ಬೇಕಾಗಿದೆ, ವೈದ್ಯರಾದ ತಾವು ಅರ್ಥ ಮಾಡಿಕೊಳ್ಳಬೇಕು ಎಂಬ ಉತ್ತರ ಬಂತು.

ಕೈ ತೊಳೆಯದೆ ರೋಗಿಯನ್ನು ಮುಟ್ಟುವ ಡಾಕ್ಟರಲ್ಲ ಅವರು. ಅವರ ಹೆಂಡತಿ ಕೆಲವು ದಿನ ಕೊಡದಲ್ಲಿ ನೀರು ಹೊತ್ತು ಮೆಟ್ಟಿಲು ಹತ್ತಿದರು. ಒಂದು ಮಧ್ಯಾಹ್ನ, ಕೈ ಸುಟ್ಟುಕೊಂಡ ಒಂದು ಮಗು ಅಳುತ್ತ ಬಂದಾಗ ಕೊಡ ಖಾಲಿಯಾಗಿತ್ತು. ತಾಯಿ ಮಗುವನ್ನೆತ್ತಿಕೊಂಡು ಕ್ಷೌರದಂಗಡಿಗೆ ಓಡಬೇಕಾಯಿತು.

“ಬರೆದುಕೊಡಿ ಅತ್ಲಾಗೆ,” ಎಂದರು ಹೆಂಡತಿ, ಸೊಂಟ ಹಿಡಿದುಕೊಂಡು. “ಅವರ ಎದೆ ಅವರದ್ದು. ಈ ಮಗೂನ ಕೈ ಏನು ಮಾಡಿತ್ತು?”

ಡಾಕ್ಟರು ಜವಾನನನ್ನು ಕರೆಸಿಕೊಂಡು ಪರೀಕ್ಷಿಸಿದರು. ಆಮೇಲೆ ಬಹಳ ಯೋಚಿಸಿ, “ನನ್ನ ಎದುರು ಕೂತಿರುವವರ ಆರೋಗ್ಯ ಚೆನ್ನಾಗಿದೆ” ಎಂದು ಬರೆದರು. ಇದರಲ್ಲಿ ಒಂದಕ್ಷರವೂ ಸುಳ್ಳಲ್ಲ ಎಂದು ತಮಗೆ ತಾವೇ ಹೇಳಿಕೊಂಡರು. ನಲ್ಲಿಯಲ್ಲಿ ನೀರು ಧೋ ಎಂದು ಬಂತು.

ಯೋಜನೆ ಚೆನ್ನಾಗಿ ಸಾಗಿತು. ಜವಾನ ಬೆಳಿಗ್ಗೆ ಉದ್ಯಾನದ ಸುತ್ತ ನಡೆದ. ಸಾಹೇಬರ ಕಾರು ನಿಧಾನವಾಗಿ ಅವನ ಹಿಂದೆ ಬರುತ್ತಿತ್ತು, ಒಳಗೆ ಸಾಹೇಬರು ನಿದ್ದೆ ಮಾಡುತ್ತಿದ್ದರು. ಸಾಹೇಬರ ಮನೆಯಿಂದ ಬಂದ ಉಪ್ಪಿಲ್ಲದ ಊಟವನ್ನು ಜವಾನ ಉಂಡ. ಜವಾನನ ಹೆಂಡತಿ ಕಟ್ಟಿಕೊಟ್ಟ ಕರಿದದ್ದು, ಹುರಿದದ್ದನ್ನು ವ್ಯರ್ಥವಾಗಬಾರದೆಂದು ಸಾಹೇಬರು ಮುಗಿಸಿದರು. ಮಧ್ಯಾಹ್ನ ಜವಾನ ಪಡಸಾಲೆಯಲ್ಲಿ ನಿಂತು ಗಟ್ಟಿಯಾಗಿ ನಗುತ್ತಿದ್ದ. ದೂರು ಕೊಡಲು ಬಂದ ಸಾರ್ವಜನಿಕರು ಮೊದಮೊದಲು ತಮ್ಮನ್ನು ನೋಡಿಯೇ ನಗುತ್ತಿದ್ದಾನೆಂದು ತಿಳಿದರು. ಆಮೇಲೆ ಅದು ಆಡಳಿತಾತ್ಮಕ ನಗು ಎಂದು ಗೊತ್ತಾಗಿ ಸಮಾಧಾನಪಟ್ಟರು.

ಉಪನಿರ್ದೇಶಕರು, ಎಂಜಿನಿಯರರು, ಲೆಕ್ಕಾಧಿಕಾರಿಗಳು ಕೂಡ ತಮ್ಮ ಆರೋಗ್ಯವನ್ನು ಅವನಿಗೇ ವಹಿಸಿದರು. ಅಷ್ಟೂ ಜನರ ಪರವಾಗಿ ನಡೆದು ನಡೆದು ಜವಾನನ ಹೊಟ್ಟೆ ಕರಗಿತು, ಕೆನ್ನೆ ಒಳಗೆ ಹೋಯಿತು. ಅವನ ಹೆಂಡತಿ ಡಾಕ್ಟರ ಹತ್ತಿರ ಬಂದು ಕಣ್ಣು ಒರೆಸಿಕೊಂಡಳು. “ಮನೇಲಿ ಮಗಳು ಏನಾದ್ರೂ ತಮಾಷೆ ಮಾಡಿದ್ರೆ ಬಾಯಿ ಮುಚ್ಕೊಂಡು ಒಳಗೆ ಹೋಗ್ತಾರೆ ಸಾರ್. ಸ್ವಂತಕ್ಕೆ ನಗಂಗಿಲ್ವಂತೆ.” ಡಾಕ್ಟರು ಎದ್ದು ಹೋಗಿ ಕೈ ತೊಳೆದುಕೊಂಡು ಬಂದರು.

ವರ್ಷದ ಕೊನೆಯಲ್ಲಿ ನಿರ್ದೇಶಕರಿಗೆ ‘ಅತ್ಯಂತ ಆರೋಗ್ಯವಂತ ಅಧಿಕಾರಿ’ ಎಂಬ ಗೌರವ ಸಂದಿತು. ಸಭಾಂಗಣ ತುಂಬಿತ್ತು. ಮುಖ್ಯ ಅತಿಥಿಯಾಗಿ ವೇದಿಕೆಯ ಮೇಲೆ ಡಾಕ್ಟರೇ ಇದ್ದರು. ಹಾರಕ್ಕೆ ಕತ್ತು ಬಗ್ಗಿಸಿದ ನಿರ್ದೇಶಕರು ಮತ್ತೆ ಕತ್ತು ಎತ್ತಲಿಲ್ಲ. ಹಾಗೇ ಮುಂದಕ್ಕೆ ವಾಲಿ, ಎದೆ ಹಿಡಿದುಕೊಂಡು, ಹೂವಿನ ಕುಂಡಗಳ ನಡುವೆ ಕುಸಿದರು. ಮೈಯೆಲ್ಲ ತಣ್ಣನೆಯ ಬೆವರು.

ಡಾಕ್ಟರು ಒಂದೇ ಜಿಗಿತಕ್ಕೆ ಅವರ ಪಕ್ಕದಲ್ಲಿದ್ದರು. ಜೇಬಿನಲ್ಲಿದ್ದ ಮಾತ್ರೆಯೊಂದನ್ನು ಬಾಯಿಗೆ ಹಾಕಿ ಅಗಿಸಿದರು. “ಹೃದಯಾಘಾತ! ಆಂಬುಲೆನ್ಸ್ ಕರೀರಿ!”

ಆಂಬುಲೆನ್ಸ್ ಬೇಗನೆ ಬಂತು. ಅದರ ಸಿಬ್ಬಂದಿ ಹೆಡ್ ಗುಮಾಸ್ತರು ಬೆರಳು ತೋರಿಸಿದ ಕಡೆ ಹೋಗಿ, ಹಿಂದಿನ ಸಾಲಿನಲ್ಲಿ ನಿಂತಿದ್ದ ಜವಾನನನ್ನು ಸ್ಟ್ರೆಚರಿನ ಮೇಲೆ ಮಲಗಿಸಿದರು.

“ಅವನಲ್ರೀ! ಇವರು! ಇವರು ಸಾಯ್ತಾರೆ!” ಡಾಕ್ಟರು ಗಂಟಲು ಹರಿಯುವಂತೆ ಕೂಗಿದರು.

“ಸಾಹೇಬರು ಆರೋಗ್ಯವಾಗಿದ್ದಾರೆಂದು ತಾವೇ ಬರೆದುಕೊಟ್ಟಿದ್ದೀರಿ,” ಎಂದರು ಹೆಡ್ ಗುಮಾಸ್ತರು ಮೆಲ್ಲಗೆ. “ಆರೋಗ್ಯ ಕೆಟ್ಟಿದ್ದರೆ ಅದು ಪ್ರತಿನಿಧಿಯದ್ದೇ ಕೆಟ್ಟಿರಬೇಕು. ಆರೋಗ್ಯವಂತರನ್ನ ಆಸ್ಪತ್ರೆಗೆ ಕಳಿಸಿ ನಾಳೆ ನಾನು ಏನು ಉತ್ತರ ಕೊಡಲಿ?”

ನಿರ್ದೇಶಕರ ತುಟಿ ನೀಲಿಗಟ್ಟುತ್ತಿತ್ತು. ಸ್ಟ್ರೆಚರು ಬಾಗಿಲ ಹತ್ತಿರ ಹೋಗಿಯಾಗಿತ್ತು. ಡಾಕ್ಟರು ತಮ್ಮ ಜೀವಮಾನದಲ್ಲಿ ಕಲಿತ ವೈದ್ಯಶಾಸ್ತ್ರವನ್ನೆಲ್ಲ ಬದಿಗಿಟ್ಟು, ಸಭೆಯ ಕಡೆ ತಿರುಗಿ, ಮೈಕು ಹಿಡಿದರು.

“ರೋಗಿಯ ಜೊತೆ ಒಬ್ಬರು ಹೋಗಬಹುದಲ್ವಾ?”

“ಒಬ್ಬರಿಗೆ ಅವಕಾಶ ಇದೆ,” ಎಂದರು ಹೆಡ್ ಗುಮಾಸ್ತರು.

“ಹಾಗಾದರೆ ಸಾಹೇಬರೇ ಹೋಗ್ತಾರೆ. ತಮ್ಮ ಜವಾನನ ಕಷ್ಟಕಾಲಕ್ಕೆ ಸಾಹೇಬರಲ್ಲದೆ ಇನ್ಯಾರು ಆಗಬೇಕು?”

ಹೆಡ್ ಗುಮಾಸ್ತರ ಕಣ್ಣು ತುಂಬಿ ಬಂತು. “ಎಂಥಾ ದೊಡ್ಡ ಮನಸ್ಸು!” ಎಂದರು. ನಾಲ್ಕು ಜನ ಎತ್ತಿಕೊಂಡು ಹೋಗುವಾಗ, ಕೈಕಾಲು ಜೋಲುತ್ತಿದ್ದ ನಿರ್ದೇಶಕರಿಗೆ ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು.

ಆಸ್ಪತ್ರೆಯಲ್ಲಿ ಹಾಸಿಗೆಯ ಮೇಲೆ ಜವಾನ ಮಲಗಿದ. ಜೊತೆಗೆ ಬಂದವರ ಬೆಂಚಿನ ಮೇಲೆ ನಿರ್ದೇಶಕರನ್ನು ಒರಗಿಸಲಾಯಿತು. ನಮ್ಮ ಡಾಕ್ಟರು ಕರ್ತವ್ಯದಲ್ಲಿದ್ದ ತರುಣ ವೈದ್ಯೆಯ ಕಿವಿಯಲ್ಲಿ ಏನೋ ಹೇಳಿದರು. ಆಕೆ ಕಣ್ಣರಳಿಸಿದಳು, ಆಮೇಲೆ ಔಷಧಿಯ ಬಾಟಲಿಯನ್ನು ಹಾಸಿಗೆಯ ಪಕ್ಕದಲ್ಲೇ ತೂಗುಹಾಕಿ, ಅದರ ಕೊಳವೆಯನ್ನು ಜವಾನನ ಮೈ ದಾಟಿಸಿ ಬೆಂಚಿನ ತನಕ ಎಳೆದಳು. ನಿರ್ದೇಶಕರ ಜೀವ ಉಳಿಯಿತು.

ನಿರ್ದೇಶಕರ ಹೆಂಡತಿ ಹಣ್ಣು ತಂದು, ನಿಯಮದಂತೆ ಹಾಸಿಗೆಯ ಪಕ್ಕ ಕೂತು, ಸುಲಿದು ಜವಾನನಿಗೆ ಕೊಟ್ಟರು. “ಈಗ ಹೇಗನಿಸ್ತಿದೆ?” ಎಂದು ಅವನನ್ನೇ ಕೇಳಿದರು.

ಜವಾನ ಬೆಂಚಿನ ಕಡೆ ಕತ್ತು ಹೊರಳಿಸಿ ಒಮ್ಮೆ ನೋಡಿದ. “ಬೆಳಿಗ್ಗೆಗಿಂತ ಪರವಾಗಿಲ್ಲಮ್ಮಾ. ಸ್ವಲ್ಪ ಉಸಿರಾಡ್ತಿದ್ದೀವಿ.”

ಕೆಲವು ವಾರಗಳ ನಂತರ ಇಬ್ಬರೂ ದವಾಖಾನೆಯ ಮೆಟ್ಟಿಲು ಹತ್ತಿ ಬಂದರು. ಡಾಕ್ಟರು ಈಗ ಕೂಗಾಡುವುದನ್ನು ಬಿಟ್ಟಿದ್ದರು. ಜವಾನನನ್ನು ಎದುರಿಗೆ ಕೂರಿಸಿ ಅವನ ಎದೆಗೆ ಸ್ಟೆತಸ್ಕೋಪು ಇಟ್ಟರು. ಎಡಗೈಯನ್ನು ಮೇಜಿನ ಕೆಳಗೆ ಚಾಚಿ ಪಕ್ಕದಲ್ಲಿ ಕೂತಿದ್ದ ನಿರ್ದೇಶಕರ ನಾಡಿ ಹಿಡಿದರು. ನಿರ್ದೇಶಕರು ಗೋಡೆಯ ಕಡೆ ನೋಡುತ್ತ, ಏನೂ ಆಗುತ್ತಿಲ್ಲವೆಂಬಂತೆ ಕೈ ಕೊಟ್ಟಿದ್ದರು. ಕೆಳಗಿನ ನಾಡಿ ಸುಧಾರಿಸಿತ್ತು. ಮೇಲಿನ ಎದೆಯೇ ದಣಿದಿತ್ತು, ಬಹಳ ದಣಿದಿತ್ತು.

“ನೋಡಪ್ಪಾ,” ಎಂದರು ಡಾಕ್ಟರು ಜವಾನನಿಗೆ, ಈ ಸಲ ಅವನಿಗಾಗಿಯೇ. “ನಿನಗೆ ಸುಸ್ತಾಗಿದೆ. ಕೆಲಸ ಬಿಟ್ಟು ಒಂದು ತಿಂಗಳು ಪೂರ್ತಿ ವಿಶ್ರಾಂತಿ ಬೇಕು. ಹೆಂಡತಿ ಮಗಳ ಜೊತೆ ಹಾಯಾಗಿರು.”

ಜವಾನ ಸಾಹೇಬರ ಮುಖ ನೋಡಿದ. ಸಾಹೇಬರು ಗಂಭೀರವಾಗಿ ತಲೆಯಾಡಿಸಿದರು.

“ಡಾಕ್ಟರು ಹೇಳಿದ ಮೇಲೆ ಮುಗೀತು. ಆರೋಗ್ಯಕ್ಕಿಂತ ದೊಡ್ಡದು ಯಾವುದಿದೆ?” ಎಂದು ಎದ್ದು ನಿಂತರು. “ನಾಳೆಯಿಂದಲೇ ನಾನು ಒಂದು ತಿಂಗಳು ರಜಾ ಹಾಕ್ತೀನಿ.”

“ಒಳ್ಳೇದಾಯ್ತು ಸಾರ್,” ಎಂದ ಜವಾನ, ನಿಜವಾದ ನೆಮ್ಮದಿಯಿಂದ. ಡಾಕ್ಟರೂ ಬೇರೆ ದಾರಿ ಕಾಣದೆ, ಒಳ್ಳೇದೇ ಆಯ್ತು ಎಂದರು. ಉಪನಿರ್ದೇಶಕರ ಪಾಲಿನ ನಡಿಗೆ ಬಾಕಿಯಿದ್ದುದರಿಂದ ಜವಾನ ಚಪ್ಪಲಿ ಮೆಟ್ಟಿ ಸರಸರನೆ ಮೆಟ್ಟಿಲಿಳಿದ.