ಒಳಮಗ್ಗುಲಿನ ಹೊಲಿಗೆ

ಲೆಕ್ಕ ಬರುವವರಿಗೆ ಒಂದು ರೋಗವಿರುತ್ತದೆ. ಲೆಕ್ಕ ತಪ್ಪಿದಾಗ, ತಪ್ಪಿದ್ದು ತಾವಲ್ಲ, ಉಳಿದ ಜಗತ್ತು ಎಂದು ಅವರು ನಂಬುತ್ತಾರೆ. ನನಗೆ ಈ ರೋಗವಿದೆ; ವಾಸಿಯಾಯಿತೆಂದು ಹೇಳುವ ಧೈರ್ಯ ಇನ್ನೂ ಬಂದಿಲ್ಲ. ಹೆಂಡತಿಯ ತಮ್ಮನ ನಿಶ್ಚಯದ ದಿನ ತಲೆಗೆ ಎರಡೂಕಾಲು ಹೋಳಿಗೆ ಎಂದು ನಾನು ಲೆಕ್ಕ ಹಾಕಿ ಕೊಟ್ಟಿದ್ದೆ. ಬೀಗರ ಕಡೆಯ ಹಿರಿಯರೊಬ್ಬರು ಒಬ್ಬರೇ ಏಳು ಹೋಳಿಗೆ ಮುಗಿಸಿ ಎದ್ದರು. ಕೊನೆಯ ಪಂಕ್ತಿಯವರು ಬರೀ ಅನ್ನ-ಸಾರು ಉಂಡು ನನ್ನ ಮುಖ ನೋಡಿದಾಗಲೂ ನಾನು ಸೋಲಲಿಲ್ಲ. "ಅವರು ಹಂಗ ತಿಂದಿದ್ದ ತಪ್ಪು" ಎಂದು ವಾದಿಸಿದೆ. ಅಂದಿನಿಂದ ಹೆಂಡತಿ ಗಿರಿಜಾ ರೊಟ್ಟಿಹಿಟ್ಟಿನ ಡಬ್ಬಿಯ ಹತ್ತಿರ ನನ್ನನ್ನು ಬಿಟ್ಟುಕೊಂಡಿಲ್ಲ.

ಇಂಥವನಿಗೆ ಸಿಕ್ಕ ಕೆಲಸವೂ ಲೆಕ್ಕದ್ದೇ. ಬೈಲಹೊಂಗಲದ ಅಂಚಿನಲ್ಲಿ ಶಾಲೆಯ ಸಮವಸ್ತ್ರ ಹೊಲಿಯುವ ಒಂದು ಸಣ್ಣ ಕಾರ್ಖಾನೆಯಿದೆ. ಒಂದು ಬಟ್ಟೆಗೆ ಎಷ್ಟು ದಾರ ಹಿಡಿಯುತ್ತದೆ ಎಂದು ಮೊದಲೇ ಹೇಳುವುದು ಅಲ್ಲಿ ನನ್ನ ಕೆಲಸ. "ದಾರಾ ಅಳಿಯಾಕೂ ಒಬ್ಬರು ಬೇಕೇನ್ರಿ?" ಎಂದು ನಮ್ಮ ಮಾವನವರು ಇವತ್ತಿಗೂ ಕೇಳುತ್ತಾರೆ. ಬೇಕು ಸ್ವಾಮಿ, ಬೇಕು! ಸಾದಾ ಹೊಲಿಗೆ ಒಂದು ಮೀಟರ್ ಓಡಿದರೆ ಮೇಲಿನ ದಾರ, ಕೆಳಗಿನ ಬಾಬಿನ್ ದಾರ ಎರಡೂ ಸೇರಿ ಎರಡೂವರೆ ಮೀಟರಿಗೂ ಹೆಚ್ಚು ಹೋಗುತ್ತದೆ. ಬಟ್ಟೆಯ ಎಳೆ ಬಿಚ್ಚದಂತೆ ಅಂಚು ಕಟ್ಟುವ ಓವರ್‌ಲಾಕ್ ಮಶೀನಂತೂ ಆ ಬೀಗರ ಹಿರಿಯರಿದ್ದ ಹಾಗೆ. ನಮೂನೆಯ ಬಟ್ಟೆಗೆ ಟೇಪು ಹಿಡಿದು ಒಂದೊಂದು ಹೊಲಿಗೆಯನ್ನೂ ಅಳೆಯಬೇಕು, ಗುಣಿಸಬೇಕು, ಕಡಿದು ಬಿಸಾಡುವ ತುಂಡುಗಳಿಗೆಂದು ಸ್ವಲ್ಪ ಸೇರಿಸಿ, ಇಷ್ಟು ಕೋನ್ ದಾರ ತರಿಸಿ ಎಂದು ಬರೆದುಕೊಡಬೇಕು. ನಡುವೆ ದಾರ ಮುಗಿದರೆ ಫಜೀತಿ. ಎರಡನೇ ಸಲ ತರಿಸಿದ ದಾರದ ಬಣ್ಣ ಮೊದಲಿನದಕ್ಕೆ ಹೊಂದುವುದೇ ಇಲ್ಲ.

ಹೋದ ವರ್ಷ ಹುಡುಗಿಯರ ಹಸಿರು ಸ್ಕರ್ಟಿನ ಕೆಲಸ ಬಂತು. ನನ್ನ ಮಗಳು ಓದುವ ಶಾಲೆಯದೇ. ಸ್ಕರ್ಟಿನ ಕೆಳಗಿನ ಅಂಚನ್ನು ನಾಲ್ಕು ಬೆರಳು ಒಳಗೆ ಮಡಿಚಿ ಸುತ್ತಲೂ ಒಂದು ಹೊಲಿಗೆ ಹಾಕುವ ಕೆಲಸವನ್ನು ಮಾಬೂಬಿಯವರಿಗೆ ಕೊಟ್ಟಿದ್ದರು. ಐವತ್ತು ದಾಟಿದ ಹೆಣ್ಣುಮಗಳು. ದಿನಾ ಯರಗಟ್ಟಿಯಿಂದ ಬಸ್ಸಿಗೆ ಬರುತ್ತಿದ್ದರು. ತಲೆ ಎತ್ತಿ ಮಾತಾಡಿದ್ದನ್ನು ನಾನು ನೋಡಿದ್ದೇ ಕಡಿಮೆ. ಮುಕ್ಕಾಲು ಕೆಲಸ ಮುಗಿಯುವಷ್ಟರಲ್ಲಿ ದಾರ ಖಾಲಿಯಾಯಿತು. ಹುಡುಕಿದರೆ, ಮಾಬೂಬಿಯವರ ಮಶೀನಿನಲ್ಲಿ ನನ್ನ ಲೆಕ್ಕದ ಹೆಚ್ಚುಕಡಿಮೆ ಎರಡು ಪಟ್ಟು ಹೋಗಿತ್ತು.

ನಾನು ಮಾಡಬೇಕಾದದ್ದು ಇಷ್ಟೇ ಇತ್ತು: ಅವರು ಹೊಲಿದ ಒಂದು ಸ್ಕರ್ಟ್ ಎತ್ತಿಕೊಂಡು ಒಳಮಗ್ಗುಲು ತಿರುಗಿಸಿ ನೋಡುವುದು. ಅದನ್ನು ಬಿಟ್ಟು ಮೂರು ಸಲ ಲೆಕ್ಕ ಮಾಡಿದೆ. ಮೂರು ಸಲವೂ ನಾನೇ ಸರಿ! ನೇರ ಹೋಗಿ ಮಾಲೀಕರಿಗೆ "ದಾರಾ ಹೊರಗ ಹೊಂಟೈತ್ರಿ" ಎಂದೆ.

ಅಂದು ಸಂಜೆ ಗೇಟಿನಲ್ಲಿ, ಎಲ್ಲರೂ ಬಸ್ಸಿಗೆ ಓಡುವ ಹೊತ್ತಿನಲ್ಲಿ, "ಚೀಲಾ ತೋರಸ್ರಿ" ಎಂದು ಮಾಬೂಬಿಯವರನ್ನು ತಡೆದವನೂ ನಾನೇ. ಕೆಲಸದ ಹೆಣ್ಣುಮಕ್ಕಳೆಲ್ಲ ನಿಂತು ನೋಡುತ್ತಿದ್ದರು. ಅವರು ಬುತ್ತಿಡಬ್ಬಿ ತೆಗೆದರು, ಕನ್ನಡಕ ತೆಗೆದರು, ಉಳಿದ ಅರ್ಧ ರೊಟ್ಟಿ ಸುತ್ತಿದ ಅರಿವೆ ತೆಗೆದರು. ಆಮೇಲೆ ಚೀಲವನ್ನು ಬೋರಲು ಮಾಡಿ ಎರಡು ಸಲ ಝಾಡಿಸಿದರು. "ಆತೇನ್ರಿ ಸರ? ಬಸ್ ಹೋಗತೈತಿ" ಎಂದರು. ಮರುದಿನ ಅವರು ಕೆಲಸಕ್ಕೆ ಬರಲಿಲ್ಲ, ಆಮೇಲೆ ಯಾವತ್ತೂ ಬರಲಿಲ್ಲ. ಕಳ್ಳತನಕ್ಕೆ ಅದೇ ಸಾಕ್ಷಿ ಎಂದು ಎಲ್ಲರ ಮುಂದೆ ಹೇಳಿಕೊಂಡು ತಿರುಗಾಡಿದೆ. ಈಗ ನೆನೆದರೆ ನನ್ನ ಮೇಲೆ ನನಗೇ ಹೇಸಿಗೆಯಾಗುತ್ತದೆ.

ಈ ವರ್ಷ ಶಾಲೆ ಶುರುವಾಗುವ ಹೊತ್ತಿಗೆ ಮಗಳು ಉದ್ದವಾಗಿದ್ದಳು, ಹೋದ ವರ್ಷದ ಹಸಿರು ಸ್ಕರ್ಟ್ ಮೊಳಕಾಲಿನ ಮೇಲೆ ಹೋಗಿತ್ತು. ಗಿರಿಜಾ ಕಟ್ಟೆಯ ಮೇಲೆ ಕೂತು ಪಿನ್ನಿನಿಂದ ಅಂಚಿನ ಹೊಲಿಗೆ ಬಿಚ್ಚುತ್ತಿದ್ದಳು. "ಏನ್ರಿ, ಇಲ್ಲೆ ಬರ್ರಿ. ಯಾರ ಪುಣ್ಯಾತ್ಗಿತ್ತಿ ಹೊಲದಾಳ ನೋಡ್ರಿದನ್ನ" ಎಂದಳು. ನೋಡಿದೆ. ಮಡಿಕೆ ಬಿಚ್ಚಿ ಸ್ಕರ್ಟ್ ನಾಲ್ಕು ಬೆರಳು ಕೆಳಗಿಳಿದಿತ್ತು. ಒಳಗೆ ಅಡಗಿದ್ದ ಬಟ್ಟೆಯ ಕೊನೆ ಎಳೆಎಳೆಯಾಗಿ ಬಿಚ್ಚಿಕೊಳ್ಳದೆ, ಸಣ್ಣಗೆ ಮಡಿಚಿ ಹೊಲಿದು ಆಗಲೇ ತಯಾರಾಗಿತ್ತು. ಮತ್ತೆ ಮಶೀನಿಗೆ ಹಾಕುವ ಕೆಲಸವೇ ಇಲ್ಲ, ಹಾಗೇ ತೊಡಬಹುದು. ಹೊರಗಿನಿಂದ ಕಾಣುವುದು ಒಂದು ಹೊಲಿಗೆ, ಒಳಗೆ ಇನ್ನೊಂದು. ಎರಡು ಪಟ್ಟು ದಾರ! "ಕಿಸೆ ಹರದೈತಿ, ಇದಕ್ಕ ಹೊಂದೋ ದಾರಾ ಇದ್ರ ಸ್ವಲ್ಪ ತರ್ರಿ ನಿಮ್ಮ ಕಾರ್ಖಾನ್ಯಾಗಿಂದ" ಎಂದು ಗಿರಿಜಾ ಹೇಳುತ್ತಿದ್ದಳು. ಮರುದಿನ ತಂದುಕೊಟ್ಟೆ.

ಭಾನುವಾರ ದಿನಾ ಕೆಲಸಕ್ಕೆ ಒಯ್ಯುವ ಚೀಲವನ್ನೇ ಹಿಡಿದುಕೊಂಡು ಯರಗಟ್ಟಿಗೆ ಹೋದೆ. ಮಾಬೂಬಿಯವರು ಮನೆಬಾಗಿಲಲ್ಲೇ ಮಶೀನು ಹಾಕಿಕೊಂಡು ಹೊಲಿಯುತ್ತಿದ್ದರು. "ಬರ್ರಿ ಸರ, ಕುಂಡ್ರಿ" ಎಂದರು, ಏನೂ ಆಗಿಯೇ ಇಲ್ಲವೆಂಬಂತೆ. ನಾನು ತೊದಲುತ್ತ ಎಲ್ಲ ಹೇಳಿದೆ. ಕೊನೆಗೆ, "ಅವತ್ತ ಯಾಕ ಹೇಳಲಿಲ್ರಿ?" ಎಂದು ಕೇಳಿದೆ.

"ಕೇಳಿದ್ರ ಹೇಳತಿದ್ದೆ. ನೀವು ಚೀಲಾ ತೋರಸ್ರಿ ಅಂದ್ರಿ, ತೋರಿಸಿದೆ." ಮಶೀನು ನಿಲ್ಲಿಸದೆ ಮಾತು ಮುಂದುವರಿಸಿದರು. "ಬೆಳಿಯೋ ಹುಡಿಗ್ಯಾರ ಅರಿವಿ ನಾವೆಲ್ಲಾ ಹಿಂಗ ಹೊಲಿಯೋದ್ರಿ. ಮನ್ಯಾಗ ಮಶೀನ ಇಲ್ಲದಾಕಿ ಮುಂದಿನ ವರ್ಷ ಯಾರ ಬಾಗಿಲಿಗೆ ಹೋಗಬೇಕು?"

ಮತ್ತೆ ಕೆಲಸಕ್ಕೆ ಬನ್ನಿ ಎಂದೆ. "ಕೆಲಸಾ ಬ್ಯಾಡ್ರಿ. ಅವತ್ತ ಎಷ್ಟ ಮಂದಿ ಮುಂದ ಚೀಲಾ ಝಾಡಿಸಿದ್ನೋ, ಅಷ್ಟ ಮಂದಿ ಮುಂದ ಮಾಬೂಬಿ ಕಳ್ಳಿ ಅಲ್ಲ ಅಂತ ಒಂದ ಮಾತ ಹೇಳ್ರಿ. ಸಾಕು." ಹೇಳುತ್ತೇನೆಂದು ಮಾತು ಕೊಟ್ಟು ಎದ್ದೆ. "ನಿಲ್ಲರಿ, ನಿಮ್ಮ ಚೀಲದ ಹಿಡಕಿ ಕಿತ್ತೈತಿ, ಕೊಡ್ರಿಲ್ಲೆ" ಎಂದು ನನ್ನ ಕೈಯಿಂದ ಚೀಲ ತೆಗೆದುಕೊಂಡು ಒಳಗಿನದನ್ನೆಲ್ಲ ಮಶೀನಿನ ಮೇಲೆ ಸುರಿದರು. ನೀರಿನ ಬಾಟಲಿ, ಟೇಪು, ಮತ್ತೆ ಮಗಳ ಕಿಸೆ ಹೊಲಿದು ಉಳಿದ ಹಸಿರು ದಾರದ ಕೋನು! ಯಾರಿಗೂ ಹೇಳದೆ, ಎಲ್ಲೂ ಬರೆಯದೆ ಕಾರ್ಖಾನೆಯಿಂದ ತಂದದ್ದು. ಅವರು ಕೋನು ನೋಡಿದರು, ನನ್ನನ್ನು ನೋಡಿದರು. ಅದೇ ದಾರವನ್ನು ಸೂಜಿಗೆ ಏರಿಸಿ ಹಿಡಿಕೆಗೆ ಎರಡು ಹೊಲಿಗೆ ಹಾಕಿ, ಕೋನನ್ನು ಚೀಲದಲ್ಲಿಟ್ಟು ಕೊಟ್ಟರು.

ಸೋಮವಾರ ಊಟದ ಹೊತ್ತಿನಲ್ಲಿ ಎಲ್ಲರ ಮುಂದೆ ನಿಂತು ಹೇಳಿದೆ: ಮಾಬೂಬಿಯವರು ಒಂದೆಳೆಯನ್ನೂ ಒಯ್ದಿರಲಿಲ್ಲ, ತಪ್ಪಿದ್ದು ನನ್ನ ಲೆಕ್ಕ. "ನಮಗೆಲ್ಲಾ ಗೊತ್ತಿತ್ತರಿ ಸರ" ಎಂದಳೊಬ್ಬಳು, ರೊಟ್ಟಿ ಮುರಿಯುತ್ತ. ಕೋನಿನ ವಿಷಯವನ್ನೂ ಹೇಳಬೇಕೆಂದಿದ್ದೆ. ತಿರುಗಿ ಇಟ್ಟುಬಿಡಬೇಕೆಂದು ಚೀಲದಲ್ಲಿ ತಂದೂ ಇದ್ದೆ. ಬಾಯಿ ಬರಲಿಲ್ಲ, ಕೈಯೂ ಬರಲಿಲ್ಲ. ಸಂಜೆ ಗೇಟಿನಲ್ಲಿ ವಾಚ್‌ಮನ್ ಹೆಣ್ಣುಮಕ್ಕಳ ಚೀಲಗಳನ್ನು ಒಂದೊಂದಾಗಿ ಬಿಚ್ಚಿಸಿ ನೋಡುತ್ತಿದ್ದ. ಆ ಪದ್ಧತಿ ಶುರುವಾದದ್ದೇ ನನ್ನ ಲೆಕ್ಕದಿಂದ. ಸಾಲಿನಲ್ಲಿ ನಿಂತು, ನನ್ನ ಸರದಿ ಬಂದಾಗ ಕೋನು ಒಳಗೇ ಇದ್ದ ಹಸಿರು ಹೊಲಿಗೆಯ ಚೀಲವನ್ನು ಮುಂದೆ ಚಾಚಿದೆ. ಅವನು ನಾಲಿಗೆ ಕಚ್ಚಿಕೊಂಡು ಸಲಾಮು ಹೊಡೆದ. "ನಿಮ್ಮದು ಯಾಕ್ರಿ ಸರ, ಹೋಗ್ರಿ" ಎಂದ. ಹೋದೆ.